ಕರಗದ ಮಣ್ಣು

ಲಂಡನ್ನಿನ ಅಂಚಿಗಿರುವ ಫೆಲ್ಥಮ್ಮಿನ ನಮ್ಮ ಮನೆಯ ಓವನ್ನಿನಲ್ಲಿ ಒಮ್ಮೆಯೂ ಕೇಕ್ ಬೇಯಲಿಲ್ಲ. ಅದರಲ್ಲಿ ಮಣ್ಣು ಬೇಯುತ್ತಿತ್ತು. ಬೇಯುತ್ತಿತ್ತು ಎಂದರೆ ಅಪ್ಪನಿಗೆ ಸಿಟ್ಟು. ಬೇಯುವುದಲ್ಲ, ಬೆಚ್ಚಗಾಗುವುದು ಎಂದು ತಿದ್ದುತ್ತಿದ್ದ. ಮೇಣ ಮತ್ತು ಗಂಧಕ ಬೆರೆತ ಕಂದು ಬಣ್ಣದ ಮಣ್ಣು ಅದು. ತಣ್ಣಗಿದ್ದಾಗ ಕಲ್ಲು, ಓವನ್ನಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೋಳಿಗೆಯ ಕಣಕ. ಅದರಿಂದ ಅಪ್ಪ ಕಾರು ಮಾಡುತ್ತಿದ್ದ. ಮಕ್ಕಳ ಆಟದ ಕಾರಲ್ಲ, ನಾಲ್ಕು ಜನ ಕೂರುವಷ್ಟು ದೊಡ್ಡ ಕಾರು. ಅಮೆರಿಕದ ಒಂದು ಕಾರ್ ಕಂಪನಿಯವರು ಲಂಡನ್ನಿನಲ್ಲಿ ಒಂದು ಸ್ಟುಡಿಯೋ ಇಟ್ಟಿದ್ದರು. ಇನ್ನು ಇಪ್ಪತ್ತು ವರ್ಷಕ್ಕೆ ಕಾರು ಹೇಗಿರಬಹುದು ಎಂದು ಕನಸು ಕಂಡು, ಅಂಥದ್ದು ಒಂದೇ ಒಂದನ್ನು ಮಾಡಿ, ಡೆಟ್ರಾಯಿಟ್ಟಿನ ಪ್ರದರ್ಶನದಲ್ಲಿ ತಿರುಗುವ ಕಟ್ಟೆಯ ಮೇಲೆ ನಿಲ್ಲಿಸುವುದು ಅಲ್ಲಿನ ಕೆಲಸ. ಕಾನ್ಸೆಪ್ಟ್ ಕಾರು ಎಂದು ಅದರ ಹೆಸರು. ಡಿಸೈನರ್ ಕಾಗದದ ಮೇಲೆ ಗೆರೆ ಎಳೆಯುತ್ತಾನೆ. ಎಂಜಿನಿಯರ್ ಅದು ನಿಂತೀತೋ ಬಿದ್ದೀತೋ ಎಂದು ಲೆಕ್ಕ ಹಾಕುತ್ತಾನೆ. ಇಬ್ಬರ ನಡುವೆ ನಿಂತು, ಇಬ್ಬರಿಂದಲೂ ಬೈಸಿಕೊಂಡು, ಮಣ್ಣು ಮೆತ್ತಿ ಆಕಾರ ಕೊಡುವವನು ಅಪ್ಪ. ಧಾರವಾಡದಲ್ಲಿ ಅವನ ಮನೆಯವರು ಗಣಪತಿ ಮಾಡುವವರು. ಆ ಕೈ ಈ ಮಣ್ಣಿಗೆ ಹೇಗೆ ಬಂದು ಸೇರಿತು ಎಂಬ ಕತೆ ದೊಡ್ಡದು, ಬಿಟ್ಟುಬಿಡುತ್ತೇನೆ. ನಾನು ಹೇಳಬೇಕಾದದ್ದು ಒಂದು ವರ್ಷದ್ದು. ಆಗ ನನಗೆ ಹನ್ನೊಂದು. ಆ ವರ್ಷ ನಮ್ಮ ಮನೆ ಒಡೆಯಲಿಲ್ಲ, ಯಾರೂ ಯಾರನ್ನೂ ಬಿಟ್ಟುಹೋಗಲಿಲ್ಲ. ಆದರೂ ಅದರ ನಂತರ ಆ ಮನೆಯಲ್ಲಿ ನಾವು ಮೂವರೂ ಬಾಡಿಗೆಗೆ ಬಂದವರ ಹಾಗೆ ಇದ್ದೆವು.

ಸಾಲುಮನೆಗಳಲ್ಲಿ ಒಂದು ನಮ್ಮದು. ಕೆಳಗೆ ಮುಂದಿನ ಕೋಣೆ, ಹಿಂದೆ ಅಡುಗೆಮನೆ, ಮೇಲೆ ಎರಡೂವರೆ ಕೋಣೆ. ಆ ಅರ್ಧ ನನ್ನದು. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ನಮ್ಮ ಮಾಡಿಗೆ ತಾಗಿಯೇ ಬಿಟ್ಟವು ಅನ್ನಿಸುವಷ್ಟು ಕೆಳಗೆ ಹಾರುತ್ತಿದ್ದವು. ಅವ್ವ ಅಪ್ಪ ಜಗಳಾಡುವಾಗ ವಿಮಾನ ಬಂದರೆ ಇಬ್ಬರೂ ಬಾಯಿ ಮುಚ್ಚಿ ಕಾಯುತ್ತಿದ್ದರು, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು. ಎಲ್ಲರ ಮನೆಯಲ್ಲೂ ಜಗಳ ಹೀಗೆ ಕಂತಿನಲ್ಲೇ ನಡೆಯುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವ್ವನಿಗೆ ಏರ್‌ಪೋರ್ಟ್ ಹತ್ತಿರದ ಒಂದು ಶೆಡ್ಡಿನಲ್ಲಿ ವಿಮಾನದ ಊಟದ ಟ್ರೇ ಜೋಡಿಸುವ ಕೆಲಸ. ಕೈಗವಸು ಹಾಕಿಕೊಂಡು ದಿನವಿಡೀ ಕೋಳಿ, ದನದ ಮಾಂಸದ ಡಬ್ಬಿಗಳನ್ನು ಸಾಲಾಗಿ ಇಟ್ಟು ಬಂದವಳು, ತಲೆಯ ಮೇಲೆ ನೀರು ಸುರಿದುಕೊಳ್ಳದೆ ಒಲೆ ಮುಟ್ಟುತ್ತಿರಲಿಲ್ಲ. ಚಳಿಗಾಲದಲ್ಲಿ ಅವಳ ಕೂದಲು ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ಆಮೇಲೆ ರೇನರ್ಸ್ ಲೇನಿನ ಗುಜರಾತಿ ಅಂಗಡಿಯಿಂದ ತಂದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯುತ್ತಿದ್ದಳು. ಮೊದಲ ವರ್ಷ ಆ ಸದ್ದಿಗೆ ಪಕ್ಕದ ಮನೆಯ ಮುದುಕಿ ಗೋಡೆ ಬಡಿದಳು. ಎರಡನೆಯ ವರ್ಷ ಬಾಗಿಲಿಗೇ ಬಂದು ಎರಡು ರೊಟ್ಟಿ ಇಸಿದುಕೊಂಡು ಹೋದಳು. ಅಪ್ಪನ ಬಳಿ ತೆಳುವಾದ ಒಂದು ಉಕ್ಕಿನ ಪಟ್ಟಿ ಇತ್ತು, ಅದಕ್ಕೆ ಸ್ಲಿಕ್ ಅನ್ನುತ್ತಿದ್ದ. ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ಮಣ್ಣಿನ ಮೇಲೆ ಎಳೆದರೆ ಕಾರಿನ ಮೈ ನುಣ್ಣಗಾಗುತ್ತಿತ್ತು. ಒಂದು ದಿನ ಅವ್ವ ಅದರಿಂದ ರೊಟ್ಟಿ ಹಲಗೆಗೆ ಅಂಟಿದ ಹಿಟ್ಟು ಕೆರೆದಳು.

"ಅದು ನನ್ನ ಕೈ ಇದ್ದಂಗ ಐತಿ. ನನ್ನ ಕೈಲೆ ಹಿಟ್ಟ ಕೆರೀತಿ ಏನ ನೀ?"

"ನಿಮ್ಮ ಕೈ ಈ ಮನ್ಯಾಗ ಮತ್ಯಾತಕ್ಕ ಉಪಯೋಗ ಬಂದೈತಿ ಹೇಳ್ರಿ. ಬಚ್ಚಲದಾಗ ಬಲ್ಬ್ ಹೋಗಿ ಎಂಟ ದಿನಾ ಆತು."

ಅವ್ವನ ಮಾತು ಸುಳ್ಳಲ್ಲ. ಆ ಎರಡು ವರ್ಷ ಅಪ್ಪನ ಕೈ, ತಲೆ, ನಿದ್ದೆ ಎಲ್ಲ ಒಂದೇ ಕಾರಿನ ಪಾಲಾಗಿದ್ದವು. ಹೊರಗೆ ಯಾರಿಗೂ ಅದರ ಸುದ್ದಿ ಹೇಳುವ ಹಾಗಿರಲಿಲ್ಲ; ಹೇಳುವುದಿಲ್ಲ ಎಂದು ಸಹಿ ಮಾಡಿಕೊಟ್ಟಿದ್ದ. ಅದಕ್ಕೇ ಮನೆಯಲ್ಲಿ ಅದಕ್ಕೆ ಎಮ್ಮಿ ಎಂದು ಹೆಸರಿಟ್ಟಿದ್ದೆವು. ಹಿಂದಿನಿಂದ ನೋಡಿದರೆ ಕೆರೆಗೆ ಇಳಿದ ಎಮ್ಮೆಯ ಹಾಗೆ ಕಾಣುತ್ತದೆ ಎಂದು ಅಪ್ಪನೇ ನಕ್ಕು ಹೇಳಿದ್ದ. "ಎಮ್ಮಿ ಇವತ್ತ ಹಾಲ ಕೊಡ್ತೇನ್ರಿ?" ಎಂದು ಅವ್ವ ಊಟಕ್ಕೆ ಬಡಿಸುತ್ತ ಕೆಣಕುತ್ತಿದ್ದಳು. ಅದರ ಗೆರೆ ಎಳೆದವನು ರಿಕ್ ಎಂಬ ಅಮೆರಿಕನ್ ಹುಡುಗ, ಹುಡುಗ ಎಂದರೆ ಮೂವತ್ತು ದಾಟಿದವನು. ಅದರ ಬಾಗಿಲು ಮೇಲಕ್ಕೆ ಏಳುವ ಹಾಗೆ ಮಾಡಿದವನು ಕೆನ್ ಎಂಬ ಮುದಿ ಎಂಜಿನಿಯರ್. ಆ ಬಾಗಿಲಿಗಾಗಿ ಎಂಟು ತಿಂಗಳು ಒದ್ದಾಡಿದನಂತೆ. ಕಾರಿಗೆ ಎಂಜಿನ್ನೇ ಇರಲಿಲ್ಲ. ಜನ ನಡೆಯುವಷ್ಟು ವೇಗದಲ್ಲಿ ತೆವಳಲು ಒಂದು ಸಣ್ಣ ಮೋಟರು ಇಡುತ್ತಾರೆ, ಅಷ್ಟೇ. ಓಡಲಾರದ ಗಾಡಿಗೆ ಮೂವರು ಗಂಡಸರು ಆಯುಷ್ಯ ಸವೆಸುತ್ತಾರೆ ಎಂಬುದು ಅವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದರೆ ಒಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪನದು ಮೂರು ಮೂರು ತಿಂಗಳ ಕರಾರಿನ ಕೆಲಸ. ಎಮ್ಮಿ ದೊಡ್ಡವರಿಗೆ ಮೆಚ್ಚುಗೆಯಾಗಿ ಕಾರ್ಖಾನೆಗೆ ಹೋದರೆ ಅಪ್ಪನಿಗೆ ಅಲ್ಲಿ ಕಾಯಂ ಕೆಲಸ, ನಮ್ಮೆಲ್ಲರಿಗೂ ಅಮೆರಿಕ. ಹೋಗದಿದ್ದರೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ನಾನು ಏರ್‌ಪೋರ್ಟಿನಲ್ಲಿ ಲಗೇಜ್ ಹೊರುತ್ತಾರೆ ಅನ್ನುತ್ತಿದ್ದೆ. ನಮ್ಮ ತರಗತಿಯ ಅರ್ಧ ಮಕ್ಕಳ ಅಪ್ಪಂದಿರು ಅದನ್ನೇ ಮಾಡುತ್ತಿದ್ದರು, ಹಾಗಾಗಿ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಗುಟ್ಟು ಕಾಯುವುದಕ್ಕೆ ಹೇಳಿದ ಸುಳ್ಳು ಅದು. ಅಪ್ಪನಿಗೆ ಹೇಳಿದಾಗ ಹೊಟ್ಟೆ ಹಿಡಿದು ನಕ್ಕಿದ್ದ.

ಪ್ರತಿ ವರ್ಷ ಚೌತಿಗೆ ಮನೆಯ ಗಣಪತಿಯನ್ನು ಅಪ್ಪನೇ ಮಾಡುತ್ತಿದ್ದ. ಕುಂಬಾರಿಕೆ ಸಾಮಾನಿನ ಅಂಗಡಿಯಿಂದ ಮಣ್ಣು ತಂದು, ಮಾಡಿ, ಹದಿನೈದು ದಿನ ಮುಂದಿನ ಕೋಣೆಯ ಕಿಟಕಿಯಲ್ಲಿ ಒಣಗಿಸುತ್ತಿದ್ದ. ಹಿಂದಿನ ವರ್ಷ ಇಲ್ಲಿನ ಥಂಡಿಗೆ ಸರಿಯಾಗಿ ಒಣಗದೆ ಬಿರುಕು ಬಿಟ್ಟು, ಚೌತಿಯ ಬೆಳಿಗ್ಗೆಯೇ ಸೊಂಡಿಲು ಉದುರಿ ಬಿದ್ದಿತ್ತು. ಅವ್ವ ಮೂರು ದಿನ ಊಟ ಬಿಟ್ಟಿದ್ದಳು. ಈ ವರ್ಷವಂತೂ ಎಮ್ಮಿಯ ಮೈ ಮುಗಿಸುವ ಗಡಿಬಿಡಿ. ಹದಿನೈದು ದಿನ ಎಲ್ಲಿಂದ ತರುವುದು? ಚೌತಿಗೆ ನಾಲ್ಕು ದಿನ ಇದ್ದಾಗ ಅಪ್ಪ ಊಟದ ಡಬ್ಬಿಯಲ್ಲಿ ಸ್ಟುಡಿಯೋದ ಮಣ್ಣು ತಂದ. ಕಾರಿನ ಮೈಯಿಂದ ಕೆರೆದು ಕೆಳಗೆ ಬಿದ್ದ ಸುರುಳಿಗಳು. ಒಂದು ಚೂರೂ ಹೊರಗೆ ಒಯ್ಯಬಾರದೆಂಬ ನಿಯಮವಿತ್ತು, ಎಲ್ಲವನ್ನೂ ಮತ್ತೆ ಕಾಯಿಸಿ ಬಳಸಬೇಕು. ಅಪ್ಪನ ಜನ್ಮದಲ್ಲಿ ಅದೊಂದೇ ಕಳ್ಳತನ ಇರಬೇಕು.

"ಯಾವ ಮಣ್ಣೋ ಏನೋ. ದೇವರಿಗೆ ನಡಿತೈತೇನ್ರಿ ಇದು?" ಎಂದಳು ಅವ್ವ.

"ಸೀಳೂದಿಲ್ಲ, ಒಣಗಸೂದು ಬ್ಯಾಡ. ಇದಕ್ಕಿಂತ ಚೊಲೊ ಮಣ್ಣ ಎಲ್ಲಿ ಸಿಗತೈತಿ ನಿನಗ?"

ಅದನ್ನು ಓವನ್ನಿನಲ್ಲಿ ಬೆಚ್ಚಗೆ ಮಾಡಿ, ಅಡುಗೆಮನೆಯ ಮೇಜಿನ ಮೇಲೆ ಕೂತು ಅಪ್ಪ ಒಂದೇ ಸಂಜೆಯಲ್ಲಿ ಗೇಣುದ್ದದ ಗಣಪತಿ ಮಾಡಿದ. ಅಷ್ಟು ಚೆಂದದ ಗಣಪತಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಹೊಟ್ಟೆ ತಿದ್ದುವಾಗ ಸ್ಲಿಕ್ ತೆಗೆದುಕೊಂಡ, ಕಾರಿಗೆ ಎಳೆಯುವ ಹಾಗೆಯೇ ಎಳೆದ. ನಾನು ಎದುರಿಗೆ ಹೋಮ್‌ವರ್ಕ್ ಹರಡಿಕೊಂಡು ಮೂಗು ಮುಚ್ಚಿಕೊಂಡು ಕೂತಿದ್ದೆ.

"ಮುಟ್ಟಿ ನೋಡ ಸುಮೀ. ಬೆಚ್ಚಗೈತಿ, ಜೀವಾ ಇದ್ದಂಗ ಐತಿ."

"ಇಟ್ಸ್ ಸ್ಮೆಲ್ಲಿ, ಅಪ್ಪಾ."

ಅವನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಕಾಲ ಅದು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅಥವಾ ಮಾಡಿಕೊಂಡದ್ದು ನನಗೆ ಕಾಣಲಿಲ್ಲ.

ಚೌತಿಯ ದಿನ ಟೂಟಿಂಗಿನಿಂದ ಡಾಕ್ಟರ್ ಮಾಮಾ ಬಂದರು. ಮೈಸೂರಿನವರು, ಆಸ್ಪತ್ರೆಯಲ್ಲಿ ಡಾಕ್ಟರು; ಸಂಬಂಧ ಏನೂ ಇಲ್ಲ, ಆದರೆ ಈ ಊರಿನಲ್ಲಿ ನಮಗೆ ಇದ್ದ ಒಬ್ಬರೇ ಮಾಮಾ. ಅಪ್ಪ ಆ ಸಲ ರಿಕ್‌ನನ್ನೂ ಊಟಕ್ಕೆ ಕರೆದಿದ್ದ. ಅವನು ಬೂಟು ಬಿಚ್ಚಿ, ಉದ್ದ ಕಾಲು ಮಡಚಲಾಗದೆ ನೆಲದ ಮೇಲೆ ಒದ್ದಾಡುತ್ತ ಕೂತು, ಕಡುಬನ್ನು ಚಾಕುವಿನಿಂದ ಕತ್ತರಿಸಿ ತಿಂದ. ತಿನ್ನುತ್ತಿದ್ದವನು ಗಣಪತಿಯನ್ನೇ ನೋಡುತ್ತ ಥಟ್ಟನೆ ಕೈ ನಿಲ್ಲಿಸಿದ. ಮಣ್ಣಿನ ಗುರುತು ಹತ್ತಿತು. ಅಪ್ಪನ ಮುಖ ಬಿಳಿಚಿಕೊಂಡಿತು. ಇವತ್ತಿಗೆ ಕೆಲಸ ಹೋಯಿತು ಎಂದೇ ಅವ್ವ ಅಂದುಕೊಂಡಳಂತೆ. ರಿಕ್ ಎದ್ದು, ಹತ್ತಿರ ಹೋಗಿ, ಬಗ್ಗಿ, ಮುಟ್ಟದೆ ಗಾಳಿಯಲ್ಲೇ ಬೆರಳಿನಿಂದ ಗಣಪತಿಯ ಹೊಟ್ಟೆಯ ಗೆರೆ ಎಳೆದ. ಆಮೇಲೆ ಜೋರಾಗಿ ನಕ್ಕ.

"ವಿಟ್, ದಟ್ಸ್ ಅವರ್ ಕಾರ್! ಆ ಹಿಂದಿನ ಉಬ್ಬು ನನ್ನ ಡ್ರಾಯಿಂಗಿನಲ್ಲಿ ಇರಲೇ ಇಲ್ಲ, ನೀನೇ ತಂದದ್ದು. ಎಲ್ಲಿಂದ ತಂದೆ ಅಂತ ಈಗ ಗೊತ್ತಾಯ್ತು." ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನೇ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ರಿಕ್ ಮತ್ತೆ ಅಂದ, "ಮುಂದಿನ ವರ್ಷ ಈ ಗಾಡ್‌ನ ಹಬ್ಬ ಡೆಟ್ರಾಯಿಟ್‌ನಲ್ಲಿ. ಯೂ ಆಲ್ ಕಮ್. ಐ ಪ್ರಾಮಿಸ್."

ವಿಠ್ಠಲ ಎಂಬ ಅಪ್ಪನ ಹೆಸರು ಅಲ್ಲಿ ವಿಟ್ ಆಗಿತ್ತು. ಅಪ್ಪ ರಿಕ್‌ನ ಎಲೆಗೆ ಕೇಳದೆಯೇ ಇನ್ನೂ ಎರಡು ಕಡುಬು ಹಾಕಿದ. ಅವನು ಹೋದ ಮೇಲೆ ಬಚ್ಚಲಿನ ಬಲ್ಬು ಬದಲಿಸಿದ, ಮೆಟ್ಟಿಲ ಮೇಲೆ ಕೂತು ಎಂದೂ ಹಾಡದವನು ಏನೋ ಗುನುಗಿದ. ನನ್ನ ಬಾಲ್ಯದಲ್ಲಿ ಸುಖವಾಗಿದ್ದ ಅಪ್ಪ ಎಂದರೆ ಆ ಸಂಜೆಯ ಅಪ್ಪ. ಅದಕ್ಕಿಂತ ಹೆಚ್ಚು ಹುಡುಕಿದರೂ ನನಗೆ ಸಿಗುವುದಿಲ್ಲ.

ಮೂರನೆಯ ದಿನ ವಿಸರ್ಜನೆ. ಹಿತ್ತಿಲ ಬೇಲಿಯ ಬದಿ ನೀಲಿ ಬಕೆಟಿನಲ್ಲಿ ನೀರು ತುಂಬಿಸಿ, ಅರಿಶಿನ ಕುಂಕುಮ ಹಾಕಿ, ಆರತಿ ಮಾಡಿ, ಗಣಪತಿಯನ್ನು ಮೆಲ್ಲಗೆ ಇಳಿಸಿದೆವು. ಯಾವಾಗಲೂ ಮರುದಿನಕ್ಕೆ ಕರಗಿ ರಾಡಿಯಾಗುತ್ತಿತ್ತು. ಅವ್ವ ಆ ನೀರನ್ನು ಗುಲಾಬಿ ಗಿಡಕ್ಕೆ ಹಾಕುತ್ತಿದ್ದಳು. ಮರುದಿನ ಹೋಗಿ ನೋಡಿದರೆ ಮೈಗೆ ಹಚ್ಚಿದ್ದ ಅರಿಶಿನ ಕುಂಕುಮ ಬಿಟ್ಟಿತ್ತು, ಗಣಪತಿ ಹಾಗೆಯೇ ಇದ್ದ. ಅದರ ಮರುದಿನವೂ ಇದ್ದ. ಉಗುರು ಕೂಡ ಮಾಸಿರಲಿಲ್ಲ. ಅವ್ವ ಅಪ್ಪನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಾಗ ಅವನು ಹಣೆ ಚಚ್ಚಿಕೊಂಡ. ಮೇಣದ ಮಣ್ಣು ನೀರಿನಲ್ಲಿ ಕರಗುವುದಿಲ್ಲ. ದಿನಾ ಎಂಟು ತಾಸು ಅದೇ ಮಣ್ಣಿನಲ್ಲಿ ಕೈ ಇಟ್ಟವನಿಗೆ ಇದು ಗೊತ್ತಿಲ್ಲದ ಸಂಗತಿಯೇ? ಆದರೆ ಮಾಡುವಾಗ ನೆನಪಾಗಲಿಲ್ಲ. ಗಣಪತಿ ಅಂದರೆ ಕರಗುವವನು ಎಂದು ಅವನ ಕೈ ನಂಬಿತ್ತು, ತಲೆಯನ್ನು ಕೇಳಲೇ ಇಲ್ಲ.

"ಕರಗಲಿಲ್ಲ ಅಂದ್ರ ಹೋಗಲಿಲ್ಲ ಅಂದಂಗ. ನಮ್ಮ ಮನಿ ಬಿಟ್ಟ ಹೋಗವಲ್ಲ ಅಂವ. ಏನರ ಕಾದೈತಿ ನಮಗ," ಎಂದಳು ಅವ್ವ.

ಹೊಳೆಗೆ ಬಿಟ್ಟುಬನ್ನಿ ಎಂದು ಡಾಕ್ಟರ್ ಮಾಮಾ ಫೋನಿನಲ್ಲಿ ಹೇಳಿದರು. ಹೊಳೆಯಲ್ಲಿ ಹಾಕಿದರೂ ಕರಗುವುದಿಲ್ಲ, ನಾಳೆ ಯಾರದೋ ನಾಯಿ ಕಚ್ಚಿಕೊಂಡು ಬರುತ್ತದೆ ಎಂದ ಅಪ್ಪ. ಹಾಗಾಗಿ ಗಣಪತಿ ಬಕೆಟಿನಲ್ಲೇ ಉಳಿದ. ಅವ್ವ ಕೆಲಸಕ್ಕೆ ಹೋಗುವ ಮುಂಚೆ ಹಿತ್ತಿಲಿಗೆ ಹೋಗಿ ಒಮ್ಮೆ ಬಗ್ಗಿ ನೋಡಿ ಬರುತ್ತಿದ್ದಳು. ಮಳೆಗೆ ಬಕೆಟು ತುಂಬಿ ಹರಿಯಿತು, ಎಲೆ ಉದುರಿ ಬಿದ್ದವು, ಡಿಸೆಂಬರಿನಲ್ಲಿ ಮೇಲೆ ಮಂಜುಗಟ್ಟಿತು. ಮಂಜಿನ ಕೆಳಗೆ ಗಣಪತಿ ಕೂತಿದ್ದ.

ಜನವರಿಯಲ್ಲಿ ಎಮ್ಮಿ ಡೆಟ್ರಾಯಿಟ್ಟಿಗೆ ಹೋಯಿತು. ಮಣ್ಣಿನದಲ್ಲ, ಮಣ್ಣಿನ ಮೇಲೆ ಅಚ್ಚು ತೆಗೆದು ಫೈಬರಿನಲ್ಲಿ ಮಾಡಿ ಬಣ್ಣ ಹೊಡೆದದ್ದು. ರಿಕ್ ಹೋದ, ಕೆನ್ ಬಾಗಿಲು ತೆರೆಯಲು ಹೋದ. ಅಪ್ಪನಿಗೆ ಟಿಕೆಟು ಬರಲಿಲ್ಲ. ಕಾರಿನ ಪತ್ರಿಕೆಯೊಂದರಲ್ಲಿ ಫೋಟೋ ಬಂತು. ಬೆಳ್ಳಿ ಬಣ್ಣದ ಎಮ್ಮಿ, ಮೇಲೆದ್ದ ಬಾಗಿಲು, ಪಕ್ಕದಲ್ಲಿ ಕೈ ಕಟ್ಟಿ ನಿಂತ ರಿಕ್. ಹಿಂದಿನ ಉಬ್ಬನ್ನು ಅದರಲ್ಲಿ ಬಹಳ ಹೊಗಳಿದ್ದರು, ಅದು ರಿಕ್‌ನ ಕಲ್ಪನೆ ಎಂದು ಬರೆದಿದ್ದರು. ನಾನು ಆ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಅವನಿಗೆ ಓದಲು ಬರುತ್ತಿರಲಿಲ್ಲವೆಂದಲ್ಲ. ನನಗೆ ಅವನು ಸಿಟ್ಟಾಗುವುದನ್ನು ನೋಡಬೇಕಿತ್ತು. ಅವನು ಸಿಟ್ಟಾಗಲಿಲ್ಲ. ಪತ್ರಿಕೆಯನ್ನು ದೇವರ ಫೋಟೋಗಳ ಹಿಂದೆ ಇಟ್ಟು, "ಹೆಸರ ಇರಲಿ ಬಿಡ. ಕಾರ ಉಳಿದ್ರ ಸಾಕು," ಅಂದ.

ಕಾರು ಉಳಿಯಲಿಲ್ಲ. ವಸಂತ ಕಾಲದಲ್ಲಿ ಅಮೆರಿಕದಲ್ಲಿ ಮೇಲಿನವರು ಬದಲಾದರು, ಬಂದವರಿಗೆ ಲಂಡನ್ನಿನ ಸ್ಟುಡಿಯೋ ಬೇಡವಾಯಿತು. ಇಂಥ ಕಾರುಗಳನ್ನು ರಸ್ತೆಗೆ ಬಿಡುವ ಹಾಗಿಲ್ಲ. ಆಟ ಮುಗಿದ ಮೇಲೆ ಹೆಚ್ಚಿನವನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸುವುದು ಅವರಲ್ಲಿ ರೂಢಿ. ಎಮ್ಮಿಯನ್ನೂ ಪುಡಿ ಮಾಡಿದರು ಎಂದು ಕೆನ್ ಫೋನು ಮಾಡಿ ಹೇಳಿದ. ರಿಕ್ ಆಗಲೇ ಬೇರೆ ಕಂಪನಿ ಸೇರಿದ್ದ. ಅವನಿಂದ ಒಂದು ಫೋನೂ ಬರಲಿಲ್ಲ. ಲಂಡನ್ನಿನಲ್ಲಿ ಉಳಿದಿದ್ದ ಮಣ್ಣಿನ ಎಮ್ಮಿಯನ್ನು ಅದನ್ನು ಮಾಡಿದವರೇ ಕೆರೆದು ತೆಗೆಯಬೇಕಿತ್ತು, ಅದೂ ಆ ಕೆಲಸದ ಪದ್ಧತಿಯೇ. ಕರಾರಿನ ಕೊನೆಯ ಮೂರು ದಿನ ಅಪ್ಪ ಅದನ್ನೇ ಮಾಡಿದ. ಮನೆಗೆ ಬಂದು ಉಗುರಿನ ಸಂದಿನ ಕಂದು ಮಣ್ಣು ತೆಗೆಯದೆ ಊಟಕ್ಕೆ ಕೂತ. ಅವ್ವ ಅಂದು ಕೈ ತೊಳೆಯಿರಿ ಎಂದು ಹೇಳಲಿಲ್ಲ. ಆ ಭಾನುವಾರ ಡಾಕ್ಟರ್ ಮಾಮಾ ಸಮಾಧಾನ ಹೇಳಲು ಬಂದರು.

"ಅಯ್ಯೋ ಬಿಡಿ ವಿಠ್ಠಲ್. ಗಣಪತಿ ವಿಸರ್ಜನೆ ಆಯ್ತು ಅಂತ ಅಂದ್ಕೊಳ್ಳಿ. ನಿಮ್ಮ ಮನೆತನದ್ದೇ ವಿದ್ಯೆ ಅಲ್ವಾ ಇದು, ಮಾಡೋದು, ನೀರಿಗೆ ಬಿಡೋದು?"

ಅಪ್ಪ ತಲೆ ಎತ್ತಿ ಅವರನ್ನು ನೋಡಿದ.

"ಗಣಪತಿ ಮತ್ತ ಬರ್ತಾನ್ರೀ ಡಾಕ್ಟ್ರ. ಅಂವ ಬರ್ತಾನ ಅಂತ ಗೊತ್ತಿರತೈತಿ, ಅದಕ್ಕ ಬಿಡಾಕ ಬರತೈತಿ. ಇದು ಬರೂದಿಲ್ಲ."

ವಿಮಾನ ಬಂತು. ಎಲ್ಲರೂ ಕಾದೆವು. ಅದು ಹೋದ ಮೇಲೆ ಯಾರೂ ಮಾತು ಮುಂದುವರಿಸಲಿಲ್ಲ.

ಬೇಸಿಗೆಯಲ್ಲಿ ಅಪ್ಪ ಏರ್‌ಪೋರ್ಟಿನಲ್ಲಿ ಲಗೇಜ್ ಹೊರುವ ಕೆಲಸಕ್ಕೆ ಸೇರಿದ. ಬೇರೆ ಸ್ಟುಡಿಯೋಗಳಲ್ಲಿ ಕೇಳಿದ್ದ. ಎಲ್ಲ ಕಡೆ ಕಂಪ್ಯೂಟರಿನಲ್ಲೇ ಆಕಾರ ತೆಗೆಯಲು ಶುರು ಮಾಡಿದ್ದರು, ಮಣ್ಣಿನವರನ್ನು ಕಡಿಮೆ ಮಾಡುತ್ತಿದ್ದರು. ಹಳದಿ ಜಾಕೆಟು ಹಾಕಿಕೊಂಡು ಅವನು ಮೊದಲ ದಿನ ಹೊರಟಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಶಾಲೆಯಲ್ಲಿ ಹೇಳಿದ್ದ ಸುಳ್ಳು ನಿಜವಾಗಿ, ಬೂಟಿನ ದಾರ ಕಟ್ಟಿಕೊಳ್ಳುತ್ತಿತ್ತು. ಅವನಿಗೂ ಅದು ನೆನಪಿತ್ತೋ ಏನೋ, ನನ್ನ ಕಡೆ ನೋಡಲಿಲ್ಲ. ನನ್ನ ಬಾಯಿಂದಲೇ ಹೀಗಾಯಿತು ಎಂದು ಹನ್ನೆರಡರ ಬುದ್ಧಿಗೆ ಅನ್ನಿಸಿತು. ಈಗ ಹಾಗೆ ಅನ್ನಿಸುವುದಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ ಆಗುತ್ತದೆ.

ಮತ್ತೆ ಚೌತಿ ಹತ್ತಿರ ಬಂತು. ಹಳೆಯ ಗಣಪತಿ ಹೋಗದೆ ಹೊಸ ಗಣಪತಿಯನ್ನು ತರುವ ಹಾಗಿಲ್ಲ ಎಂದು ಅವ್ವ ಹಟ ಹಿಡಿದಳು.

"ಹ್ಯಾಂಗರ ಮಾಡಿ ಕಳಸ್ರಿ ಅವನ್ನ. ನಿಮ್ಮ ಕೈಲೇ ಬಂದಾನ, ನಿಮ್ಮ ಕೈಲೇ ಹೋಗಲಿ."

ಅದು ಭಾನುವಾರದ ಮಧ್ಯಾಹ್ನ. ಅಪ್ಪ ಬಕೆಟಿನಿಂದ ಗಣಪತಿಯನ್ನು ಎತ್ತಿ, ಮಗುವನ್ನು ಮೀಯಿಸಿದವರ ಹಾಗೆ ಟವೆಲಿನಿಂದ ಒರೆಸಿ, ಅಡುಗೆಮನೆಗೆ ತಂದ. ಓವನ್ನಿನ ಗುಂಡಿಯನ್ನು ಅರವತ್ತು ಡಿಗ್ರಿಗೆ ತಿರುಗಿಸಿದ. ಅವನು ಏನು ಮಾಡಲಿದ್ದಾನೆ ಎಂಬುದು ಅವ್ವನಿಗೆ ಹೊಳೆದಾಗ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೆ ಬೇಡ ಅನ್ನಲಿಲ್ಲ. ಆರತಿ ತಟ್ಟೆ ತಂದು ಓವನ್ನಿನ ಮುಂದೆ ನಿಂತು, ಮಂಗಳಾರತಿ ಹೇಳಿ, ತಾನೇ ಬಾಗಿಲು ಮುಚ್ಚಿದಳು. ಓವನ್ನಿನ ಗಾಜಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಮೊದಲು ಕಿವಿ ಜೋತವು, ಆಮೇಲೆ ಸೊಂಡಿಲು ಹೊಟ್ಟೆಯ ಮೇಲೆ ಒರಗಿತು. ಅಪ್ಪ ತೆಗೆದು ಮೇಜಿನ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿದ. ಕಣಕ ನಾದುವ ಹಾಗೆ ನಾದಿದ. ಅವನು ಅಳಲಿಲ್ಲ. ಅತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಆತು," ಅಂದ. ಆಮೇಲೆ ನನ್ನ ಕಡೆ ತಿರುಗಿ, ಮುದ್ದೆಯನ್ನು ಅಂಗೈಯಲ್ಲಿಟ್ಟು ಚಾಚಿದ. "ಬಾ ಸುಮೀ. ಮುಟ್ಟ ಬಾ. ಇನ್ನೂ ಬೆಚ್ಚಗೈತಿ."

ನನಗೆ ಹೆದರಿಕೆಯಾಯಿತು. ಆ ಮುದ್ದೆಗೋ, ಅವನ ಮುಖಕ್ಕೋ ಗೊತ್ತಿಲ್ಲ. "ನೋ," ಎಂದು ಕಿರುಚಿ ಮೇಲೆ ಓಡಿಹೋದೆ. ಅಡುಗೆಮನೆಯ ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದಾಗ ಅವನ ಕೈ ಚಾಚಿದಂತೆಯೇ ಇತ್ತು. ಆಮೇಲೆ ಅವನು ಮುದ್ದೆಯನ್ನು ಬಲಗೈಯಲ್ಲಿ ಒಮ್ಮೆ ಗಟ್ಟಿಯಾಗಿ ಅಮುಕಿ ಕಿಟಕಿಯಲ್ಲಿ ಇಟ್ಟನಂತೆ, ಅವ್ವ ಹೇಳಿದ್ದು. ಆ ವರ್ಷದಿಂದ ನಮ್ಮ ಮನೆಗೆ ಅಂಗಡಿಯ ಗಣಪತಿ ಬಂತು. ಅಪ್ಪ ಮತ್ತೆ ಮಣ್ಣು ಮುಟ್ಟಲಿಲ್ಲ. ಸ್ಲಿಕ್ ರೊಟ್ಟಿ ಹಲಗೆಯ ಪಕ್ಕದಲ್ಲೇ ಉಳಿಯಿತು. ಅವ್ವ ಅದರಿಂದ ಹಿಟ್ಟು ಕೆರೆದರೆ ಅವನು ಏನೂ ಅನ್ನುತ್ತಿರಲಿಲ್ಲ. ಜಗಳಗಳೂ ನಿಂತವು. ಮಾತಿಲ್ಲದ ಮನೆಯ ಮೇಲೆ ವಿಮಾನಗಳು ಸುಮ್ಮನೆ ಹಾದುಹೋಗುತ್ತಿದ್ದವು. ಬೇರೆಯವರ ಸೂಟ್‌ಕೇಸು ಎತ್ತಿ ಎತ್ತಿ ಬೆನ್ನು ಬಗ್ಗಿ, ಕೆಲವು ವರ್ಷಗಳ ನಂತರ ಅಪ್ಪ ಸತ್ತ.

ಆ ಮುದ್ದೆ ಈಗ ನನ್ನ ಅಡುಗೆಮನೆಯಲ್ಲಿದೆ. ಕಲ್ಲಿನಂತೆ ಗಟ್ಟಿ. ಒಂದು ಬದಿಗೆ ನಾಲ್ಕು ಬೆರಳಿನ ತಗ್ಗು, ಇನ್ನೊಂದು ಬದಿಗೆ ಹೆಬ್ಬೆರಳಿನದು. ಅರವತ್ತರಲ್ಲಿ ಕಾಲು ಗಂಟೆ ಇಟ್ಟರೆ ಸಾಕು, ಅಪ್ಪ ಹೇಳಿದ ಹಾಗೆ ಬೆಚ್ಚಗಾಗುತ್ತದೆ, ಮುಟ್ಟಿ ನೋಡಬಹುದು. ಎಷ್ಟೋ ಸಲ ಓವನ್ನಿನ ಗುಂಡಿಯವರೆಗೂ ಕೈ ಹೋಗಿದೆ. ಆದರೆ ಬೆಚ್ಚಗಾದದ್ದನ್ನು ಮುಟ್ಟಿದರೆ ಅವನ ಬೆರಳುಗಳು ಹೋಗುತ್ತವೆ. ಹಾಗಾಗಿ ತಣ್ಣಗಿದ್ದದ್ದನ್ನೇ ಎತ್ತಿಕೊಂಡು, ಆ ತಗ್ಗುಗಳಲ್ಲಿ ನನ್ನ ಬೆರಳು ಇಟ್ಟು ನೋಡುತ್ತೇನೆ. ಅವನ ಬೆರಳು ದಪ್ಪ. ನನ್ನವು ಅಲ್ಲಿ ತುಂಬುವುದಿಲ್ಲ.